ನಾಯಿಕೊಡೆ, ಬೆಕ್ಕಿನ ಟೋಪಿ

ನಾವು ನಾಯಿಗೆ ಕೊಡೆ ಕೊಟ್ಟಿದ್ದೇವೆ, ಗುಜರಾತಿಗಳು ಬೆಕ್ಕಿಗೆ ಟೋಪಿ ಕೊಟ್ಟಿದ್ದಾರೆ. ನಮ್ಮ ನಾಯಿಕೊಡೆಗೆ ಇಲ್ಲಿ 'ಬಿಲಾಡಿನೋ ಟೋಪ್' ಎಂದು ಹೆಸರು. ಬಂಗಾಳಿಗಳ ಪಾಲಿಗೆ ಅದು ಕಪ್ಪೆಯ ಕೊಡೆ. ಹೆಸರಿಡುವಾಗ ಎಲ್ಲರೂ ನೋಡಿದ್ದು ಆಕಾರವನ್ನೇ. ಆದರೆ ಆಕಾರ ನೋಡಿ ಹೆಸರಿಡುವುದು ಬೇರೆ, ಆಕಾರ ನೋಡಿ ಒಲೆಯ ಮೇಲಿಡುವುದು ಬೇರೆ.

ವಡೋದರಾದ ಮಂಜಲ್‌ಪುರದಲ್ಲಿ ಸೊಸೈಟಿ ಎಂದರೆ ನಡುವೆ ಒಂದು ಕಾಮನ್ ಪ್ಲಾಟ್ ಇರಲೇಬೇಕು. ನವರಾತ್ರಿಯಲ್ಲಿ ಗರಬಾ, ಮಿಕ್ಕ ದಿನ ಹುಡುಗರ ಕ್ರಿಕೆಟ್ಟು. ಜುಲೈನಲ್ಲಿ ನಾಲ್ಕು ಮಳೆ ಬಿದ್ದರೆ ಅಲ್ಲಿನ ಹುಲ್ಲಿನಲ್ಲಿ ತಟ್ಟೆಯಗಲದ ಬಿಳಿ ಅಣಬೆಗಳು ಏಳುತ್ತವೆ. ತಲೆಯ ಮೇಲೆ ಕಂದು ಹಕ್ಕಳೆ, ಕಾಲಿಗೆ ಒಂದು ಬಳೆ. ತೀರ್ಥಹಳ್ಳಿ ಕಡೆಯಿಂದ ಬಂದ ನನ್ನ ಅಮ್ಮನಿಗೆ ಆ ವರ್ಷ ಮೊದಲು ಕಂಡ ಪರಿಚಿತ ಮುಖ ಇದೇ. ಗುಜರಾತಿ ಬಾರದ, ಮಾತಾಡಲು ಯಾರೂ ಇಲ್ಲದ ಊರಲ್ಲಿ ಅಣಬೆಯಾದರೂ ಸಿಕ್ಕಿತಲ್ಲ ಅಂತ ಹಿಗ್ಗು.

ಅಷ್ಟರಲ್ಲಿ ವಾಚ್‌ಮನ್ನರ ಹೆಂಡತಿ ಸೆರಗಿನ ತುಂಬ ಅದನ್ನೇ ಕಿತ್ತುಕೊಂಡಿದ್ದರು. ಅವರೂ ಊರು ಬಿಟ್ಟವರೇ, ದಾಹೋದ್ ಕಡೆಯ ಗುಡ್ಡದವರು. ಅವರ ಊರಿನಲ್ಲೂ ಮಳೆ ಬಂದರೆ ಅಣಬೆ ತರುತ್ತಾರಂತೆ.

ಅಮ್ಮ ಒಂದನ್ನು ಬುಡಸಮೇತ ಎತ್ತಿ ತಿರುಗಿಸಿ ನೋಡಿದರು. "ಬೇರೇ ಇಲ್ವಲ್ಲೋ ಇದಕ್ಕೆ. ನಮ್ಮ ಹುತ್ತದಣಬೆ ಅಲ್ಲ ಇದು," ಅಂದರು.

ಅಮ್ಮ ಬೇರು ಅಂದದ್ದು ನಿಜವಾಗಿ ಕಾಲಿನ ಮುಂದುವರಿಕೆ. ಹುತ್ತದಣಬೆಯನ್ನು ಬೆಳೆಸುವುದು ಗೆದ್ದಲು. ನೆಲದಡಿಯ ಗೂಡಿನಲ್ಲಿ ಗೆದ್ದಲು ಸಾಕಿದ ಶಿಲೀಂಧ್ರದಿಂದ ಈ ಉದ್ದನೆಯ ಬಾಲ ಮೇಲೆದ್ದು ಬಂದು ಕೊಡೆ ಬಿಚ್ಚುತ್ತದೆ. 1942ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಈ ಕುಲಕ್ಕೆ 'ಟರ್ಮಿಟೋಮೈಸಿಸ್' ಎಂದು ಹೆಸರಿಟ್ಟರು. ಗೆದ್ದಲಿನ ಅಣಬೆ ಎಂದೇ ಅರ್ಥ. ಅಮ್ಮಂದಿರು ಇಟ್ಟ ಹೆಸರೂ ಅದೇ ತಾನೆ?

ಇನ್ನೊಂದು ಪರೀಕ್ಷೆಯೂ ಇದೆ, ಕಾಸು ಖರ್ಚಿಲ್ಲದ್ದು. ಕಾಲು ಮುರಿದು ಕೊಡೆಯನ್ನು ಬಿಳಿ ಕಾಗದದ ಮೇಲೆ ಮಗುಚದೆ ಇಟ್ಟು, ಮೇಲೊಂದು ಪಾತ್ರೆ ಕವಿಚಿದರೆ ಬೆಳಗಾಗುವಷ್ಟರಲ್ಲಿ ಅಡಿಯ ಎಸಳುಗಳಿಂದ ಬೀಜದ ಪುಡಿ ಉದುರಿ ಕಾಗದದಲ್ಲಿ ಅಚ್ಚು ಮೂಡುತ್ತದೆ. ಹುತ್ತದಣಬೆಯದು ನಸುಗುಲಾಬಿ. ಇದರದು ಏನು ಬರುತ್ತದೋ ನೋಡಿ ಆಮೇಲೆ ತಿನ್ನುವುದು ಅಂತ ಆ ಬೆನ್‌ಗೆ ನನ್ನ ಹರುಕುಮುರುಕು ಗುಜರಾತಿಯಲ್ಲಿ ಹೇಳಿದೆ. ಅಮ್ಮ ಕನ್ನಡದಲ್ಲೇ, "ಒಂದು ರಾತ್ರಿ ತಡಿ ತಾಯಿ, ಮಕ್ಕಳೊಂದಿಗಳು ನೀನು," ಅಂತ ಅವರ ಕೈ ಹಿಡಿದುಕೊಂಡರು. ಯಾವುದು ಅರ್ಥವಾಯಿತೋ, ಅವರು ಒಪ್ಪಿದರು.

ಬೆಳಿಗ್ಗೆ ಕಾಗದದ ಮೇಲೆ ಪಾಚಿಬಣ್ಣದ ಹಸಿರು ಚಕ್ರ! ಯಾರೂ ಭಾಷಾಂತರ ಮಾಡಬೇಕಾಗಲಿಲ್ಲ. ಆ ಬೆನ್ ಹೋಗಿ ಬುಟ್ಟಿಯನ್ನು ತಿಪ್ಪೆಗೆ ಸುರಿದು ಬಂದರು.

ಇದು 'ಕ್ಲೋರೋಫಿಲಮ್ ಮಾಲಿಬ್ಡೈಟಿಸ್'. ಎಳೆಯದರಲ್ಲಿ ಎಸಳು ಬೆಳ್ಳಗೇ ಇರುತ್ತದೆ, ಬಲಿತ ಮೇಲೆ ಹಸಿರಾಗುತ್ತದೆ. ಮೋಸ ಇರುವುದೇ ಅಲ್ಲಿ. ತಿಂದ ಕೆಲವೇ ಗಂಟೆಗಳಲ್ಲಿ ವಿಪರೀತ ವಾಂತಿ ಭೇದಿ. ಬೇಯಿಸಿದರೆ ವಿಷ ಹೋಗುತ್ತದೆ, ಅರಿಸಿನ ಹಾಕಿದರೆ ತಿಳಿಯುತ್ತದೆ, ಹುಳ ತಿಂದದ್ದನ್ನು ನಾವೂ ತಿನ್ನಬಹುದು ಎಂಬ ಮಾತುಗಳನ್ನೆಲ್ಲ ನಂಬುವಂತಿಲ್ಲ.

ಸ್ವೀಡನ್ನಿನ ಎಲಿಯಾಸ್ ಫ್ರೀಸ್ 1821ರಿಂದ ಹೊರತಂದ ಗ್ರಂಥಗಳಲ್ಲಿ ಅಣಬೆಗಳನ್ನು ಈ ಪುಡಿಯ ಬಣ್ಣದ ಮೇಲೇ ವಿಂಗಡಿಸಿದ್ದ. ಬಿಳಿಯವು ಒಂದು ಪಂಕ್ತಿ, ಗುಲಾಬಿಯವು ಇನ್ನೊಂದು ಪಂಕ್ತಿ. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಆ ದಾರಿ ನಡೆಯಿತು. ಆಮೇಲೆ ಬಂದದ್ದು ಡಿಎನ್‌ಎ. ಒಣಗಿದ ಅಣಬೆಯ ಒಂದು ಚೂರಿನಿಂದ ಡಿಎನ್‌ಎ ತೆಗೆದು, ಐನೂರರಿಂದ ಏಳುನೂರು ಅಕ್ಷರದಷ್ಟಿರುವ ಒಂದು ತುಣುಕನ್ನು ಓದಿ, ಬೇರೆ ಅಣಬೆಗಳದರ ಜೊತೆ ಹೋಲಿಸುತ್ತಾರೆ. 'ಐಟಿಎಸ್' ಎಂಬ ಆ ತುಣುಕನ್ನು 2012ರಲ್ಲಿ ಶಿಲೀಂಧ್ರಗಳ ಗುರುತಿನ ಪಟ್ಟಿಯಾಗಿ ಒಪ್ಪಿಕೊಂಡರು.

ಹೀಗೆ ಓದಿದಾಗ ಹಳೆಯ ಪಂಕ್ತಿಗಳು ಕೆಡತೊಡಗಿದವು. ಗುಲಾಬಿ ಪುಡಿಯ ಹುತ್ತದಣಬೆ ಬಿಳಿ ಪುಡಿಯ 'ಲಯೋಫಿಲಮ್' ಅಣಬೆಗಳ ನೆಂಟ ಎಂದಾಯಿತು. ನಮ್ಮ ಹಸಿರು ಪುಡಿಯ ಕುಲಕ್ಕೆ 2002ರಲ್ಲಿ ಎಲ್ಸೆ ವೆಲ್ಲಿಂಗಾ ಬಿಳಿ ಪುಡಿಯ ಕೆಲವು ಅಣಬೆಗಳನ್ನು ತಂದು ಸೇರಿಸಿದರು. ಯುರೋಪಿನವರು ಬಾಣಲೆಗೆ ಹಾಕುತ್ತಿದ್ದ 'ರಾಕೋಡಿಸ್' ಅವುಗಳಲ್ಲೊಂದು. ಅಂದರೆ ಊಟದ್ದೂ ವಿಷದ್ದೂ ಒಂದೇ ಮನೆತನ. ಡಿಎನ್‌ಎ ಹೇಳುವುದು ಯಾರು ಯಾರಿಗೆ ಏನಾಗಬೇಕು ಎಂಬುದನ್ನು. ಯಾರನ್ನು ನಂಬಬಹುದು ಎಂಬುದನ್ನಲ್ಲ.

ಅಲ್ಲಿಗೆ ಹಳೆಯ ಗುರುತುಗಳು ಸುಳ್ಳಾದವೆಂದಲ್ಲ. ಬಣ್ಣ ವಂಶ ಹೇಳದಿರಬಹುದು, ಜೀವ ಉಳಿಸಬಲ್ಲದು. 2011ರ ಡಿಸೆಂಬರ್ 31ರ ರಾತ್ರಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಚೀನಾದಿಂದ ಬಂದಿದ್ದ ಅಡುಗೆಯವರೊಬ್ಬರು ಅಲ್ಲಿಯೇ ಸಿಕ್ಕ ಕಾಡಣಬೆಯಿಂದ ಅಡುಗೆ ಮಾಡಿದರು. ಅದು 'ಡೆತ್ ಕ್ಯಾಪ್' ಆಗಿತ್ತು. ಅವರೂ ಇನ್ನೊಬ್ಬರೂ ತೀರಿಕೊಂಡರು. ಏಷ್ಯಾದವರು ಊರಿನಲ್ಲಿ ತಿನ್ನುವ ಹುಲ್ಲಣಬೆಯನ್ನು ಎಳೆಯ ಡೆತ್ ಕ್ಯಾಪ್ ಬಹಳ ಹೋಲುತ್ತದೆ. ಹುಲ್ಲಣಬೆಯ ಪುಡಿ ಗುಲಾಬಿ, ಡೆತ್ ಕ್ಯಾಪ್‌ನದು ಬಿಳಿ. ಪರದೇಶದಲ್ಲಿ ಊರಿನ ಮುಖ ಕಂಡರೆ ನಮಗೆ ಪರೀಕ್ಷೆ ಮಾಡುವ ಮನಸ್ಸೇ ಬರುವುದಿಲ್ಲ. ಊರಿನಲ್ಲಿ ಅಣಬೆಯ ಜೊತೆ ಹುತ್ತ, ಮರ, ಮಳೆ, 'ಹೋದ ವರ್ಷವೂ ಇಲ್ಲೇ ಎದ್ದಿತ್ತು' ಎನ್ನುವವರು ಎಲ್ಲ ಸಾಕ್ಷಿಗೆ ಇರುತ್ತಾರೆ. ಇಲ್ಲಿ ಮುಖವೊಂದೇ. ಅಮ್ಮ ತಂದದ್ದು ಅಣಬೆಯ ನೆನಪಿನ ಜೊತೆಗೆ ಅನುಮಾನ ಪಡುವ ಅಭ್ಯಾಸವನ್ನೂ. ಅದಕ್ಕೇ ಅವರ ವಿದ್ಯೆ ನೂರಾರು ಮೈಲಿಯಾಚೆಯೂ ಕೆಲಸಕ್ಕೆ ಬಂತು.

ಎದುರು ಮನೆಯ ಕಾಕಾ ಜೈನರು. ಅಣಬೆ ಅವರ ಮನೆ ಹೊಸಿಲು ದಾಟುವುದಿಲ್ಲ. ಮಾರುಕಟ್ಟೆಯ ಬಟನ್ ಅಣಬೆಯ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ತೋರಿಸಿ ಒಮ್ಮೆ ಕೇಳಿದರು, "ಇದು ಗಿಡವೋ, ಪ್ರಾಣಿಯೋ?"

ಎರಡೂ ಅಲ್ಲ ಕಾಕಾ, ಶಿಲೀಂಧ್ರಗಳದು ಬೇರೆಯೇ ಸಾಮ್ರಾಜ್ಯ ಅಂದೆ. ಆದರೆ ಗಿಡಗಳಿಗಿಂತ ಪ್ರಾಣಿಗಳಿಗೇ ಅವು ಹತ್ತಿರದ ಬಂಧು, ವಂಶವಾಹಿಗಳನ್ನು ಹೋಲಿಸಿದ ವಿಜ್ಞಾನಿಗಳು 1993ರಲ್ಲಿ ತೋರಿಸಿದ್ದಾರೆ ಅಂತಲೂ ಹೇಳಿದೆ.

ಕಾಕಾ ಪೊಟ್ಟಣವನ್ನು ನನ್ನ ಕೈಗೆ ವಾಪಸ್ಸು ಕೊಟ್ಟು ನಕ್ಕರು. "ನೋಡು, ನಮ್ಮವರು ಯಾವ ಮಷಿನ್ನೂ ಇಲ್ಲದೆ ಬಿಟ್ಟಿದ್ದರು."