ದುಡ್ಡು ಕೊಡುವವನೇ ದೊರೆ

ಬಟ್ಟೆ ಅಂಗಡಿಗೆ ಹೋದರೆ ಕುರ್ಚಿ ಹಾಕುತ್ತಾರೆ, ಚಿನ್ನದಂಗಡಿಗೆ ಹೋದರೆ ಕಾಫಿಯನ್ನೂ ಕೊಡುತ್ತಾರೆ. ಎಲ್ಲ ಕಡೆಯೂ ದುಡ್ಡು ಬಿಚ್ಚುವವನಿಗೇ ಉಪಚಾರ. ಗುಜರಿ ಅಂಗಡಿಯಲ್ಲೂ ನಿಯಮ ಅದೇ, ಆದರೆ ಅಲ್ಲಿ ದುಡ್ಡು ಬಿಚ್ಚುವವನು ಅಂಗಡಿಯವನು! ಹಾಗಾಗಿ ಕುರ್ಚಿ ಅವನದು. ಮೂಟೆ ಹೊತ್ತು ತಂದವರು ನಿಂತಿರಬೇಕು.

ನಿಂತವರೆಲ್ಲರೂ ಒಂದೇ ಎಂದಲ್ಲ. ಸ್ಕೂಟರಿನಲ್ಲಿ ಹಳೇ ಪೇಪರ್ ತಂದ ನನಗೆ 'ಬನ್ನಿ ಸಾರ್, ಎಷ್ಟಿದೆ?' ಪಕ್ಕದಲ್ಲೇ ಬೆಳಗಿನಿಂದ ಬೀದಿ ಸುತ್ತಿ ರಟ್ಟು, ಬಾಟಲಿ ಆಯ್ದು ತಂದ ಹೆಂಗಸಿಗೆ 'ಏ, ಅಲ್ಲಿಡಮ್ಮ, ಕಾಣಲ್ವಾ?' ನಾನು ವರ್ಷಕ್ಕೆ ಒಂದೆರಡು ಸಲ ಬರುವವನು, ಆಕೆ ದಿನವೂ ಮಾಲು ಕೊಡುವವಳು. ಲೆಕ್ಕಕ್ಕೆ ನೋಡಿದರೆ 'ಬನ್ನಿ' ಅನ್ನಿಸಿಕೊಳ್ಳಬೇಕಾದವಳು ಆಕೆ.

ಮಾತಿನ ಮರ್ಯಾದೆ ಹಾಗಿರಲಿ, ತೂಕಕ್ಕೆ ಬನ್ನಿ. ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ, ಅಂಕಿಯ ಮುಖ ಮಾತ್ರ ಅಂಗಡಿಯವನ ಕಡೆಗೆ. 'ರಟ್ಟು ಒದ್ದೆ, ಎರಡು ಕೆ.ಜಿ. ಕಳೀತೀನಿ.' 'ಮಣ್ಣಿದೆ, ಅರ್ಧ ಬಿಡು.' ಮುನ್ನೂರು ಗ್ರಾಂ ಮಿಕ್ಕರೆ ಅದಕ್ಕೆ ಲೆಕ್ಕವೇ ಇಲ್ಲ. 'ಅಣ್ಣಾ, ಇನ್ನೊಂದ್ಸಲ ಹಾಕಣ್ಣಾ' ಅಂದರೆ, 'ಬೇರೆ ಕಡೆ ತಗೊಂಡ್ಹೋಗು.' ಮಳೆಗಾಲದಲ್ಲಿ ಇದೇ ಅಣ್ಣನ ಹತ್ತಿರ ಕೈಗಡ ತೆಗೆದುಕೊಂಡವಳು ಬೇರೆ ಕಡೆ ಹೇಗೆ ಹೋದಾಳು? ಲೋಹದ ಕಥೆ ಇನ್ನೂ ಸೊಗಸು. ಹೊಳಪು ಹಚ್ಚಿದ ಹಿತ್ತಾಳೆ ನಲ್ಲಿ ಕಬ್ಬಿಣದ ರಾಶಿಗೆ ಬಿದ್ದು ಕಬ್ಬಿಣದ ದರವನ್ನೇ ಪಡೆಯುತ್ತದೆ. ಅಯಸ್ಕಾಂತ ಹಿತ್ತಾಳೆಗೆ ಅಂಟುವುದಿಲ್ಲ ಎಂಬುದು ಅಂಗಡಿಯವನಿಗೆ ಚೆನ್ನಾಗಿ ಗೊತ್ತು, ಅಯಸ್ಕಾಂತ ಅವನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರುತ್ತದೆ.

ಅಂಗಡಿಯವನ ಕಷ್ಟವೂ ಸುಳ್ಳಲ್ಲ. ಒದ್ದೆ ರಟ್ಟು ನಿಜವಾಗಿಯೂ ತೂಗುತ್ತದೆ. ಅವನ ಮೇಲೆ ಬೆಂಗಳೂರಿನ ಜಾಲಿ ಮೊಹಲ್ಲಾದ ದೊಡ್ಡ ವ್ಯಾಪಾರಿ ಇದ್ದಾನೆ, ಪ್ಲಾಸ್ಟಿಕ್ಕಾದರೆ ನಾಯಂಡಹಳ್ಳಿಯವರಿದ್ದಾರೆ. ಅವರೂ ತೂಕ ಕಳೆಯುತ್ತಾರೆ. ಕದ್ದ ಮ್ಯಾನ್‌ಹೋಲ್ ಮುಚ್ಚಳವೋ ಕೇಬಲ್ಲೋ ರಾಶಿಯಲ್ಲಿ ಸಿಕ್ಕರೆ ಪೊಲೀಸರು ಮೊದಲು ಬರುವುದು ಇವನ ಹತ್ತಿರ. ಆದರೆ ಮೇಲಿನವರು ಕಳೆದದ್ದನ್ನೆಲ್ಲ ಕೆಳಗಿನ ಮೂಟೆಯಿಂದಲೇ ತುಂಬಿಕೊಳ್ಳುವುದು ವ್ಯಾಪಾರವಲ್ಲ.

ಬೇರೆ ದಾರಿ ಇಲ್ಲವೆನ್ನುವಂತಿಲ್ಲ. ಪುಣೆಯಲ್ಲಿ 1993ರಲ್ಲಿ ಚಿಂದಿ ಆಯುವವರೇ 'ಕಾಗದ ಕಾಚ ಪತ್ರ ಕಷ್ಟಕರಿ ಪಂಚಾಯತ್' ಎಂಬ ಸಂಘ ಕಟ್ಟಿಕೊಂಡರು. ಆ ಸಂಘ ತನ್ನದೇ ಗುಜರಿ ಅಂಗಡಿ ತೆರೆದು, ಬಂದ ಲಾಭವನ್ನು ಮಾಲು ತಂದವರಿಗೇ ಹಂಚಿತು. ಬೆಂಗಳೂರಿನಲ್ಲೂ 'ಹಸಿರು ದಳ' ಸಂಸ್ಥೆಯ ಒತ್ತಾಸೆಯಿಂದ ಚಿಂದಿ ಆಯುತ್ತಿದ್ದವರೇ ಪಾಲಿಕೆಯ ಒಣತ್ಯಾಜ್ಯ ಕೇಂದ್ರಗಳನ್ನು ನಡೆಸಿದ್ದಾರೆ. ಒಂದು ಕಾಲದಲ್ಲಿ ತಕ್ಕಡಿಯ ಎದುರು ನಿಂತು ಗೋಗರೆದವರು ಈಗ ಅದರ ಹಿಂದೆ ಕೂತಿದ್ದಾರೆ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಇವರಿಗೆ ಹೆಸರು, ಸ್ಥಾನ ಎರಡೂ ಸಿಕ್ಕವು. ಅದು ಬೀದಿಯ ತಕ್ಕಡಿಯವರೆಗೆ ಇಳಿದು ಬರುವುದು ಬಾಕಿ.

ನಾನು ಕೇಳುವುದು ಬಹಳ ಸಣ್ಣದು. ತಕ್ಕಡಿಯ ಮುಖ ಮಾರುವವರ ಕಡೆ ತಿರುಗಲಿ. ಇವತ್ತಿನ ದರ ಸೀಮೆಸುಣ್ಣದಲ್ಲಾದರೂ ಹಲಗೆಯ ಮೇಲಿರಲಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಬೀಳಲೇಬೇಕು, ಅದು ಬಿದ್ದಿದೆಯೇ ಎಂದು ಕೇಳುವುದು ಜಗಳವಲ್ಲ. ಆಯುವ ಹೆಂಗಸು ಕೇಳಿದರೆ ನಾಳೆ ಅವಳ ಮೂಟೆ ಬೇಡವಾಗುತ್ತದೆ. ನೀವು ಕೇಳಿದರೆ 'ಸಾರ್' ಅನ್ನುತ್ತಾರೆ. ಆದ್ದರಿಂದ ಮುಂದಿನ ಸಲ ರದ್ದಿ ಹಾಕಲು ಹೋದಾಗ ದುಡ್ಡು ಎಣಿಸಿಕೊಂಡ ಮೇಲೂ ಎರಡು ನಿಮಿಷ ನಿಲ್ಲಿ, ನಿಮ್ಮ ಹಿಂದಿನವರ ಮೂಟೆಯ ತೂಕವನ್ನು ಗಟ್ಟಿಯಾಗಿ ಓದಿ ಹೇಳಿ.