ಒಂಬತ್ತನೆಯ ಇನ್ನಿಂಗ್ಸು

ಆಟಗಳ ವಿಷಯವಾಗಿ ಬರೆಯುವ ಯೋಗ್ಯತೆಯು ನಮಗೆ ಸ್ವಲ್ಪವೇ. ಶಾಲೆಯ ಕ್ರೀಡೋತ್ಸವದಲ್ಲಿ ಗೆದ್ದವರಿಗೆ ಬಹುಮಾನವನ್ನೂ ಸೋತವರಿಗೆ ಸಮಾಧಾನವನ್ನೂ ಹಂಚುವಲ್ಲಿಗೆ ನಮ್ಮ ಕ್ರೀಡಾಸಕ್ತಿಯು ಮುಗಿಯುವುದು. ನಮ್ಮ ಯಜಮಾನರಾದರೋ ಬೇಸ್‌ಬಾಲ್ ಆಟದ ಪರಮಭಕ್ತರು. ಅವರ ದೆಸೆಯಿಂದ ಕಲಿತ ಒಂದು ಪಾಠವನ್ನು ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ಅರಿಕೆ ಮಾಡಬೇಕೆಂದಿರುವೆವು.

2004ನೆಯ ಇಸವಿಯಲ್ಲಿ, ಮದುವೆಯಾದ ಹೊಸತರಲ್ಲಿ, ಯಜಮಾನರ ವಿದ್ಯಾಭ್ಯಾಸದ ನಿಮಿತ್ತ ನಾವಿಬ್ಬರೂ ಅಮೆರಿಕದ ಬಾಸ್ಟನ್ ನಗರದಲ್ಲಿದ್ದೆವು. ಆ ಊರಿನ ರೆಡ್ ಸಾಕ್ಸ್ ತಂಡವು 1918ರಿಂದೀಚೆಗೆ ವರ್ಲ್ಡ್ ಸೀರೀಸ್ ಎಂಬ ಮಹಾಪಂದ್ಯವನ್ನು ಗೆದ್ದಿರಲಿಲ್ಲ. ಅದಕ್ಕೆ ಮುಂಚಿನ ಸುತ್ತಿನಲ್ಲಿ ಏಳರಲ್ಲಿ ನಾಲ್ಕು ಆಟಗಳನ್ನು ಗೆಲ್ಲಬೇಕು. ಆ ವರ್ಷ ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಮೊದಲಿನ ಮೂರನ್ನೂ ಸೋತಿದ್ದರು. ಮೂರನೆಯದರಲ್ಲಿ ಎದುರಾಳಿಗಳದು 19 ರನ್ನು, ಇವರದು 8. ಮೂರನ್ನು ಸೋತು ಮತ್ತೆ ಸುತ್ತನ್ನು ಗೆದ್ದವರು ಅಲ್ಲಿನ ಮೇಜರ್ ಲೀಗಿನ ಚರಿತ್ರೆಯಲ್ಲಿ ಯಾರೂ ಇರಲಿಲ್ಲ.

ಅಕ್ಟೋಬರ್ 17ರ ರಾತ್ರಿ ನಾಲ್ಕನೆಯ ಆಟ. ಕೊನೆಯದಾದ ಒಂಬತ್ತನೆಯ ಇನ್ನಿಂಗ್ಸು ಬಂದಿತು. ಇವರು ಒಂದು ರನ್ನು ಹಿಂದಿದ್ದರು. ನಡುರಾತ್ರಿ ಸಮೀಪಿಸಿತ್ತು. “ಸೋತು ಸುಣ್ಣವಾದವರಿಗಾಗಿ ನಿದ್ದೆಗೆಡುವುದೇಕೆ? ಆರಿಸಿ ಮಲಗಬಾರದೇ?” ಎಂದು ನಾವು ಗದರಿದೆವು. “ನೀನು ಮಲಗು. ಕೊನೆಯ ಆಟಗಾರ ಔಟಾಗುವ ತನಕ ಎದ್ದುಹೋಗುವುದು ನನ್ನಿಂದಾಗದು” ಎಂದರು ಯಜಮಾನರು. ಮುನಿದು ಒಳಗೆ ಹೋದೆವು. ನಿದ್ದೆ ಬಾರದೆ ಮರಳಿ ಬಂದು ಕುಳಿತೆವು. ಅವರು ಏನೂ ನುಡಿಯದೆ ತುಸು ಸರಿದು ಸ್ಥಳ ಮಾಡಿಕೊಟ್ಟರು.

ಅಷ್ಟರಲ್ಲಿ ಡೇವ್ ರಾಬರ್ಟ್ಸ್ ಎಂಬವನು ಮೊದಲನೆಯ ಬೇಸಿನಿಂದ ಓಡಿ, ಮುಂದಕ್ಕೆ ಬಿದ್ದು, ಎರಡನೆಯದನ್ನು ಕೈಯಿಂದ ಮುಟ್ಟಿದನು. ಮುಂದಿನ ಹೊಡೆತಕ್ಕೆ ರನ್ನು ಸರಿಸಮವಾಯಿತು. ಹನ್ನೆರಡನೆಯ ಇನ್ನಿಂಗ್ಸಿನಲ್ಲಿ ಡೇವಿಡ್ ಓರ್ಟಿಜನ ಹೊಡೆತದಿಂದ ಗೆಲುವು. ಉಳಿದ ಮೂರು ಆಟಗಳನ್ನೂ ಗೆದ್ದರು. ಅಕ್ಟೋಬರ್ 27ರಂದು 86 ವರ್ಷಗಳ ತರುವಾಯ ಮಹಾಪಂದ್ಯವನ್ನೂ ಗೆದ್ದರು.

ಈ ಆಟದಲ್ಲಿ ಹತ್ತಾವರ್ತಿಯಲ್ಲಿ ಮೂರಾವರ್ತಿ ಸರಿಯಾಗಿ ಹೊಡೆದವನು ಉತ್ತಮನು. ಇದೇ ತಂಡದ ಟೆಡ್ ವಿಲಿಯಮ್ಸ್ 1941ರಲ್ಲಿ ಹತ್ತರಲ್ಲಿ ನಾಲ್ಕಕ್ಕೆ ತುಸು ಮಿಗಿಲಾಗಿ ಹೊಡೆದು ಮಹಾಪುರುಷನೆನಿಸಿದನು. ಅವನೂ ಹೆಚ್ಚಾಗಿ ತಪ್ಪಿದವನೇ.

ಇದನ್ನು ಕಣ್ಣಾರೆ ಕಂಡಾಗ್ಯೂ ನಮ್ಮ ಬುದ್ಧಿ ತಿಳಿಯಾಗಲು ವರ್ಷಗಳು ಹಿಡಿದವು. ಮುಖ್ಯೋಪಾಧ್ಯಾಯಿನಿಯಾದ ಮೊದಲಲ್ಲಿ, ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಎರಡಾವರ್ತಿ ನಪಾಸಾದ ಬಾಲಿಕೆಯ ತಂದೆಗೆ, ಇನ್ನು ಓದಿಸುವುದು ವ್ಯರ್ಥವೆಂದು ಕಾಗದ ಬರೆದೆವು. ಅವಳು ಮರಳಿ ಬರಲಿಲ್ಲ. ಮುಂದೊಮ್ಮೆ ಮತ್ತೊಬ್ಬಳಿಗಾಗಿ ಅಂತಹುದೇ ಕಾಗದವನ್ನು ಮನೆಯಲ್ಲಿ ಬರೆಯುತ್ತಿರಲು ಯಜಮಾನರು ಇಣುಕಿ ನೋಡಿ, “ಇದು ಎಷ್ಟನೆಯ ಇನ್ನಿಂಗ್ಸು?” ಎಂದು ಕೇಳಿದರು. ಕಾಗದವನ್ನು ಹರಿದೆವು. ಸಂಜೆಯ ಹೊತ್ತು ಅವಳನ್ನು ಬಳಿಯಲ್ಲಿ ಕೂರಿಸಿಕೊಂಡು ಗಣಿತ ಹೇಳಿಕೊಟ್ಟೆವು. ಮೂರನೆಯ ಬಾರಿಗೆ ತೇರ್ಗಡೆಯಾದಳು, ಅಂಕಗಳು ಹೆಚ್ಚೇನಿಲ್ಲ.

ಇಂದಿಗೂ ನಾವು ಬೇಸ್‌ಬಾಲನ್ನು ಪೂರ್ತಿಯಾಗಿ ಅರಿಯೆವು. ಅರ್ಧದಲ್ಲಿ ತೂಕಡಿಸುವುದೂ ಉಂಟು. ಆದರೆ ಆಟ ಮುಗಿಯುವ ಮುನ್ನ ಆರಿಸಿರೆಂದು ಹೇಳುವುದನ್ನು ಬಿಟ್ಟಿರುವೆವು. ಆ ಮೊದಲನೆಯ ಬಾಲಿಕೆಯು ಎಲ್ಲಿಯಾದರೂ ಈ ಪುಟವನ್ನು ಓದುವಳಾದರೆ, ಆತುರಪಟ್ಟವರು ನಾವೇ ಹೊರತು ಅವಳ ಆಟ ಮುಗಿದಿರಲಿಲ್ಲವೆಂದು ತಿಳಿಯಲಿ, ನಮ್ಮನ್ನು ಕ್ಷಮಿಸಲಿ.