ಒತ್ತುಗಾಜಿನ ಪರ ವಕಾಲತ್ತು

ಸ್ಯಾಂಡ್‌ವಿಚ್, ಮ್ಯಾಸಚೂಸೆಟ್ಸ್

ಪ್ರಿಯ ರಾಘು,

ಗಾಜಿನ ಮ್ಯೂಸಿಯಂ ನೋಡಲು ಹೊರಟಿದ್ದೇನೆ ಎಂದಾಗ ನೀನು ಬರೆದ ಮಾತಿಗೇ ಈ ಪತ್ರ ಉತ್ತರ ಅಂದುಕೋ. ಊದಿ ಮಾಡಿದ ಗಾಜು ಕಲೆ, ಅಚ್ಚಿನಲ್ಲಿ ಒತ್ತಿದ್ದು ಬರೀ ಕಾರ್ಖಾನೆ ಸರಕು, ಎರಡನ್ನೂ ಒಂದೇ ಕಪಾಟಿನಲ್ಲಿ ಇಡುವುದೇ ಅನ್ಯಾಯ ಎಂದು ತೀರ್ಪು ಕೊಟ್ಟುಬಿಟ್ಟೆ. ಆ ತೀರ್ಪಿನ ಮೇಲೆ ಮೇಲ್ಮನವಿ ಹಾಕಲು ಕೇಪ್ ಕಾಡ್‌ನ ಈ ಪುಟ್ಟ ಊರಿಗಿಂತ ಒಳ್ಳೆಯ ನ್ಯಾಯಾಲಯ ಸಿಗಲಿಕ್ಕಿಲ್ಲ. 1907ರಲ್ಲಿ ಶುರುವಾದ ಊರಿನ ಇತಿಹಾಸ ಸಂಘ ನಡೆಸುವ ಸ್ಯಾಂಡ್‌ವಿಚ್ ಗ್ಲಾಸ್ ಮ್ಯೂಸಿಯಂನಲ್ಲಿ ಉಪ್ಪಿನ ಬಟ್ಟಲು, ತಟ್ಟೆ, ಲೋಟ, ಡಿಕ್ಯಾಂಟರ್, ದೀಪ ಎಲ್ಲವೂ ಇವೆ. ಊದಿದ್ದೂ ಇದೆ, ಒತ್ತಿದ್ದೂ ಇದೆ, ಅರ್ಧ ಊದಿ ಅರ್ಧ ಒತ್ತಿದ್ದೂ ಇದೆ. ಅವನ್ನು ಸಾಕ್ಷಿಗೆ ಕರೆದು ನಾನು ಹೇಳಹೊರಟಿರುವುದು ಒಂದೇ ಮಾತು. ಒತ್ತುಗಾಜು ಊದುಗಾಜಿನ ಬಡ ನೆಂಟನಲ್ಲ. ತನ್ನ ತಯಾರಿಕೆಯಲ್ಲೇ ಎದುರಾದ ಒಂದು ತೊಡಕನ್ನು ಹಿಡಿದು ಅದು ಬೇರೆಯದೇ ಚೆಲುವನ್ನು ಕಟ್ಟಿಕೊಂಡಿತು, ಆ ತೊಡಕು ನೀಗಿದ ಮೇಲೆ ಆ ಚೆಲುವೂ ಇಳಿಯಿತು.

ಕಡಲತೀರದ ಊರು, ಕಾಲಿಟ್ಟಲ್ಲೆಲ್ಲ ಮರಳು. ಅದಕ್ಕೇ ಇಲ್ಲಿ ಗಾಜಿನ ಕಾರ್ಖಾನೆ ಬಂತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಇಲ್ಲಿಯ ಮರಳಲ್ಲಿ ಕಲ್ಮಶ ಹೆಚ್ಚು, ಒಳ್ಳೆಯ ಗಾಜಿಗೆ ಆಗದು. ಕಾರ್ಖಾನೆಯ ಮರಳು ನ್ಯೂ ಜೆರ್ಸಿಯಿಂದಲೂ ಆಮೇಲೆ ರಾಜ್ಯದ ಪಶ್ಚಿಮದ ಬರ್ಕ್‌ಶೈರ್ ಬೆಟ್ಟಗಳಿಂದಲೂ ಬರುತ್ತಿತ್ತು. ಡೆಮಿಂಗ್ ಜಾರ್ವಿಸ್ ಎಂಬ ಬಾಸ್ಟನ್ನಿನ ಉದ್ಯಮಿ 1825ರಲ್ಲಿ ಈ ಊರನ್ನು ಆರಿಸಿದ್ದು ಕುಲುಮೆಗೆ ಸೌದೆ ಕೊಡುವ ಪೈನ್ ಕಾಡು, ಬಾಸ್ಟನ್ನಿಗೆ ಹಡಗು ಹೋಗುವ ಕಡಲು, ಗಾಜು ಒಡೆಯದಂತೆ ಸುತ್ತಲು ಜೌಗಿನಲ್ಲಿ ಬೆಳೆಯುವ ಹುಲ್ಲು ಇವನ್ನೆಲ್ಲ ನೋಡಿ. ಮರುವರ್ಷ ಅದು ಬಾಸ್ಟನ್ ಆಂಡ್ ಸ್ಯಾಂಡ್‌ವಿಚ್ ಗ್ಲಾಸ್ ಕಂಪನಿ ಆಯಿತು. ಮೊದಲ ದಿನದಿಂದಲೂ ಇದು ವ್ಯಾಪಾರಿಯ ಲೆಕ್ಕಾಚಾರ ಎಂಬುದನ್ನು ನಿನ್ನ ಪರವಾಗಿ ನಾನೇ ಒಪ್ಪಿಬಿಡುತ್ತೇನೆ. ಒತ್ತುವ ಯಂತ್ರದ ಬಗ್ಗೆಯೂ ಅಷ್ಟೇ: ಅದು ಜಾರ್ವಿಸ್ ತಲೆಯಿಂದಲೇ ಉದುರಿದ್ದಲ್ಲ. ಪಿಟ್ಸ್‌ಬರ್ಗಿನ ಜಾನ್ ಬೇಕ್‌ವೆಲ್ 1825ರಲ್ಲೇ ಪೀಠೋಪಕರಣಗಳ ಗಾಜಿನ ಹಿಡಿಗಳನ್ನು ಒತ್ತುವುದಕ್ಕೆ ಪೇಟೆಂಟ್ ಪಡೆದಿದ್ದ. ಅಂದರೆ ಈ ಕಲೆಯ ಮೊದಮೊದಲ ಕೃತಿಗಳಲ್ಲೊಂದು ಬೀರುವಿನ ಗುಬುಟು, ನಗಬೇಕೆನಿಸಿದರೆ ನಕ್ಕುಬಿಡು.

ಈಗ ಕೆಲಸದ ಕ್ರಮ. ಊದುವವನು ಕೊಳವೆಯ ತುದಿಯಲ್ಲಿ ಕರಗಿದ ಗಾಜಿನ ಮುದ್ದೆ ಹಿಡಿದು, ಉಸಿರು ತುಂಬಿ, ತಿರುಗಿಸುತ್ತಾ ರೂಪ ಕೊಡುತ್ತಾನೆ. ಆ ಪಾತ್ರೆಯ ತಳದಲ್ಲಿ ಪಾಂಟಿಲ್ ಎಂಬ ಕಬ್ಬಿಣದ ಸಲಾಕೆ ಕಿತ್ತ ಗಾಯ ಉಳಿಯುತ್ತದೆ, ಇಲ್ಲವೇ ಅದನ್ನು ಸಾಣೆ ಹಿಡಿದು ನಯ ಮಾಡಿದ ಗುಳಿ ಇರುತ್ತದೆ. ವಿನ್ಯಾಸ ಕೊರೆದ ಅಚ್ಚಿನೊಳಕ್ಕೇ ಊದುವ ಇನ್ನೊಂದು ಬಗೆ ಇದೆ. ಅಲ್ಲಿ ಹೊರಗೆ ಉಬ್ಬಿದ ಕಡೆ ಒಳಗೆ ತಗ್ಗು, ಹೊರಗೆ ತಗ್ಗಿದ ಕಡೆ ಒಳಗೆ ಉಬ್ಬು. ಒತ್ತುಗಾಜಿನಲ್ಲಿ ಉಸಿರಿಗೆ ಕೆಲಸವಿಲ್ಲ. ಒಬ್ಬ ಗಾಜಿನ ಮುದ್ದೆಯನ್ನು ತಂದು ಲೋಹದ ಅಚ್ಚಿನ ಮೇಲೆ ಇಳಿಬಿಡುತ್ತಾನೆ, ಇನ್ನೊಬ್ಬ ಕಣ್ಣಳತೆಯಲ್ಲಿ ಕತ್ತರಿಸಿ ಬೀಳಿಸುತ್ತಾನೆ, ಸನ್ನೆ ಎಳೆದಾಗ ಮೇಲಿನಿಂದ ಇಳಿಯುವ ಒತ್ತುಗುಂಡು ಗಾಜನ್ನು ಅಚ್ಚಿನ ಮೂಲೆಮೂಲೆಗೂ ನುಗ್ಗಿಸುತ್ತದೆ. ಗುಂಡು ನಯವಾಗಿರುವುದರಿಂದ ಇಂಥ ಬಟ್ಟಲಿನ ಒಳಮೈ ನಯ, ಹೊರಮೈಯಲ್ಲಷ್ಟೇ ವಿನ್ಯಾಸ. ಹಳೆಯ ಗಾಜಿನ ಅಂಗಡಿಯಲ್ಲಿ ಯಾರಾದರೂ ನಿನಗೆ ಅಚ್ಚಿಗೆ ಊದಿದ್ದು ಎಂದು ಒತ್ತಿದ್ದನ್ನು ಮಾರಲು ಬಂದರೆ, ಬಟ್ಟಲಿನೊಳಗೆ ಬೆರಳು ಹಾಕಿ ನೋಡು, ಸಾಕು.

ತೊಡಕು ಶುರುವಾಗುವುದು ಇಲ್ಲೇ. ಸುಡುವ ಗಾಜು ತಣ್ಣನೆಯ ಲೋಹ ಮುಟ್ಟಿದ ಕ್ಷಣ ಅದರ ಮೈ ಸುಕ್ಕುಗಟ್ಟುತ್ತದೆ, ಮಂಕಾಗುತ್ತದೆ. ಕತ್ತರಿ ಹಾಕಿದ ಗುರುತೂ ಒಳಗೆ ಉಳಿದುಬಿಡುತ್ತದೆ. ಸಾದಾ ತಟ್ಟೆಯಲ್ಲಿ ಇವೆಲ್ಲ ಕಣ್ಣಿಗೆ ರಾಚುತ್ತವೆ. 1820ರ ದಶಕದ ಕೊನೆಯಿಂದ 1840ರ ದಶಕದವರೆಗೆ ಇಲ್ಲಿಯ ಅಚ್ಚು ಕೊರೆಯುವವರು ಕಂಡುಕೊಂಡ ದಾರಿ, ಸಾದಾ ಜಾಗವನ್ನೇ ಉಳಿಸದಿರುವುದು. ಬಳ್ಳಿ, ಎಲೆ, ಸುರುಳಿ, ಹೃದಯ, ಹದ್ದು ಇವೆಲ್ಲದರ ನಡುವಿನ ಖಾಲಿ ಜಾಗವನ್ನು ಸಾಸಿವೆಗಿಂತ ಚಿಕ್ಕ ಚುಕ್ಕಿಗಳಿಂದ ತುಂಬಿದರು. ಇದಕ್ಕೆ ಸಂಗ್ರಹಕಾರರು ಇಟ್ಟ ಹೆಸರು ಲೇಸಿ ಗ್ಲಾಸ್. ಇಂಥದೊಂದು ತಟ್ಟೆಯನ್ನು ಎದುರಿನಿಂದ ನೋಡಿದರೆ ಬೆಳ್ಳಿಯ ಹುಡಿ ಚೆಲ್ಲಿದಂತಿದೆ. ಸ್ವಲ್ಪ ಬದಿಗೆ ಸರಿದರೆ ಚುಕ್ಕಿಗಳೆಲ್ಲ ನಂದಿ ಎಲೆಗಳು ಹೊಳೆಯುತ್ತವೆ, ಇನ್ನೂ ಸರಿದರೆ ಅದಲುಬದಲು. ಪ್ರತಿ ಚುಕ್ಕಿಯೂ ಬೆಳಕನ್ನು ಬೇರೆ ದಿಕ್ಕಿಗೆ ಎಸೆಯುವುದರಿಂದ ಕಣ್ಣು ಸುಕ್ಕಿನ ಮೇಲೆ ನಿಲ್ಲುವುದೇ ಇಲ್ಲ. ದೀಪದ, ಮೇಣದಬತ್ತಿಯ ಅಲುಗಾಡುವ ಬೆಳಕಿನಲ್ಲಿ ಊಟ ಮಾಡುತ್ತಿದ್ದ ಕಾಲ ಅದು. ಆ ಬೆಳಕಿಗೆ ಈ ತಟ್ಟೆ ಹೇಗೆ ಉತ್ತರ ಕೊಟ್ಟಿರಬೇಕು ಎಂಬುದು ಮ್ಯೂಸಿಯಮ್ಮಿನ ಕದಲದ ವಿದ್ಯುತ್ ದೀಪದಡಿ ಪೂರ್ತಿ ತಿಳಿಯುವುದಿಲ್ಲ.

ಕುಂದು ಮುಚ್ಚುವುದು ಕಲೆಯೇ, ಅದು ಸುಣ್ಣ ಬಳಿದಂತಲ್ಲವೇ ಎಂದು ಕೇಳುತ್ತೀಯ. ಎರಡು ಉತ್ತರಗಳಿವೆ. ಮೊದಲನೆಯದು, ಶ್ರೀಮಂತರ ಮೇಜಿನಲ್ಲಿದ್ದ ಸಾಣೆ ಹಿಡಿದ ಗಾಜಿನ ನಕಲು ಇದಾಗಿದ್ದರೆ ನಿನ್ನ ಆಕ್ಷೇಪ ನಿಲ್ಲುತ್ತಿತ್ತು. ಸಾಣೆಚಕ್ರಕ್ಕೆ ಸಲೀಸಾದದ್ದು ನೇರ ಗೀರು, ವಜ್ರದಾಕಾರ, ನಕ್ಷತ್ರ. ಅದೇ ಕಾಲದ ಅಚ್ಚಿಗೆ ಊದಿದ ಡಿಕ್ಯಾಂಟರುಗಳು ನಿಜಕ್ಕೂ ಅಂಥ ಐರಿಷ್ ಗಾಜಿನ ನಕಲುಗಳೇ, ನಿನ್ನ ಮೆಚ್ಚಿನ ಉಸಿರಿನಿಂದಲೇ ಮಾಡಿದ ನಕಲುಗಳು! ಲೇಸಿ ತಟ್ಟೆಯ ಚುಕ್ಕಿಹಾಸನ್ನಾಗಲಿ ಅದರ ಮೇಲೆ ಉಬ್ಬಿನಿಂತ ಸುರುಳಿಯನ್ನಾಗಲಿ ಆ ಚಕ್ರದಿಂದ ತೆಗೆಯುವ ಹಾಗಿಲ್ಲ. ಅದನ್ನು ಊದಿಯೂ ಪಡೆಯುವಂತಿಲ್ಲ. ಎರಡನೆಯದು, ಮುಂದೇನಾಯಿತು ನೋಡು. ಅಚ್ಚುಗಳನ್ನು ಹದವಾಗಿ ಕಾಯಿಸುವುದು, ಒತ್ತಿದ ಪಾತ್ರೆಯನ್ನು ಮತ್ತೆ ಬೆಂಕಿಗೆ ಹಿಡಿದು ಮೈ ನಯ ಮಾಡುವುದು ಕೈವಶವಾದಂತೆ ಚುಕ್ಕಿ ಹೋಯಿತು. ಅಗಲ ಪಟ್ಟಿ, ಅಂಡಾಕಾರ, ಜೇನುಗೂಡಿನಂಥ ಸರಳ ವಿನ್ಯಾಸಗಳು ಬಂದವು. 1837ರ ಹಣಕಾಸಿನ ಮುಗ್ಗಟ್ಟಿನ ನಂತರ ದುಬಾರಿ ಅಚ್ಚು ಕೊರೆಸುವ ಧೈರ್ಯ ಕಡಿಮೆಯಾದದ್ದೂ ಕಾರಣವಿರಬಹುದು, ಇಲ್ಲವೆನ್ನುವುದಿಲ್ಲ. ಆದರೂ 1850ರ ದಶಕದ ಲೋಟಗಳ ಸಾಲನ್ನು 1830ರ ತಟ್ಟೆಗಳ ಪಕ್ಕ ನೋಡಿದಾಗ, ನಯದಲ್ಲಿ ಗೆದ್ದವು ಲೋಟಗಳು, ಕಲ್ಪನೆಯಲ್ಲಿ ಸೋತವೂ ಅವೇ ಎನ್ನಲು ನನಗೆ ಹಿಂಜರಿಕೆಯಿಲ್ಲ.

ಹಾಗಾದರೆ ಇದರಲ್ಲಿ ಮನುಷ್ಯನ ಕೈ ಎಲ್ಲಿ? ಒಂದು ಕೈ ತಟ್ಟೆಯ ಅಂಚಿನಲ್ಲಿದೆ. ಕತ್ತರಿಸುವವನ ಅಂದಾಜು ತುಸು ಕಡಿಮೆಯಾದರೆ ಗಾಜು ಅಂಚಿನವರೆಗೆ ತಲುಪದೆ ಅಲ್ಲಿಯ ಅಲೆಯಾಕಾರದ ಬಾಗುಗಳಲ್ಲೊಂದು ಅರ್ಧಕ್ಕೇ ನಿಲ್ಲುತ್ತದೆ. ಹೆಚ್ಚಾದರೆ ಹೊರಗೆ ಸೀರಿ ಏಣು ಏಳುತ್ತದೆ, ಇಲ್ಲವೇ ತಟ್ಟೆ ದಪ್ಪವಾಗುತ್ತದೆ. ಒಂದೇ ಅಚ್ಚಿನ ಎರಡು ತಟ್ಟೆಗಳು ಈ ಲೆಕ್ಕದಲ್ಲಿ ಬೇರೆ ಬೇರೆ. ಆದರೆ ದೊಡ್ಡ ಕೈ ಅಚ್ಚು ಕೊರೆದವನದು. ಗಟ್ಟಿ ಲೋಹದಲ್ಲಿ, ತಲೆಕೆಳಗಾಗಿ, ಉಬ್ಬನ್ನು ತಗ್ಗಾಗಿ ಯೋಚಿಸಿ ಸಾವಿರಾರು ಚುಕ್ಕಿ ಇಕ್ಕಿದವನು ಕುಶಲಿಯಲ್ಲ ಎನ್ನುವುದು ಹೇಗೆ? ಈ ಕಾರ್ಖಾನೆಯ ಅಚ್ಚುಗಳ ವಿಭಾಗ ನೋಡಿಕೊಳ್ಳುತ್ತಿದ್ದ ಹೈರಮ್ ಡಿಲ್ಲವೇ ಎಂಬಾತನ ಹೆಸರು ಉಳಿದಿದೆ. ಕೈಯ ಕಲೆಯ ಮಾತು ಬಂದಾಗ ಇನ್ನೊಂದು ಹೆಸರೂ ನೆನಪಾಗುತ್ತದೆ: ಜಾರ್ವಿಸ್‌ನ ಮಗ ಜೇಮ್ಸ್ ಜಾಕ್ಸನ್ ಜಾರ್ವಿಸ್ ಇಟಲಿಯ ಆರಂಭಕಾಲದ ಚಿತ್ರಗಳನ್ನು ಕೂಡಿಹಾಕಿದವನು. 1871ರಲ್ಲಿ ಆ ಸಂಗ್ರಹ ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿತು. ಅಪ್ಪನದು ಸರಕು, ಮಗನದು ಕಲೆ ಎಂದು ನೀನು ಖಂಡಿತ ವಿಂಗಡಿಸುತ್ತೀಯ. ಆದರೆ ಇಟಲಿಯ ಆ ಆರಂಭಕಾಲದ ಚಿನ್ನದ ಹಿನ್ನೆಲೆಯ ಚಿತ್ರಗಳಲ್ಲಿ ಸಂತರ ಪ್ರಭಾವಳಿಯ ಚಿತ್ತಾರ ಮೂಡಿಸುತ್ತಿದ್ದದ್ದೂ ಲೋಹದ ಠಸ್ಸೆಗಳನ್ನು ಮತ್ತೆ ಮತ್ತೆ ಒತ್ತಿಯೇ. ಅಲ್ಲಿ ಪ್ರತಿ ಗುರುತನ್ನೂ ಕೈಯೇ ಇಡುತ್ತಿತ್ತು, ಒಪ್ಪಿದೆ. ಆದರೆ ಒತ್ತುವುದರಿಂದಲೇ ಕಲೆ ಕೆಡುತ್ತದೆ ಎಂಬ ನಿಯಮವಿಲ್ಲ ಅಂತಾಯಿತಲ್ಲ.

ನಿನ್ನ ವಾದದಲ್ಲಿ ನಿಜವಾದ ಭಾರ ಇರುವುದು ಬೇರೆ ಕಡೆ: ಊದುವವರ ಅನ್ನ. ಒತ್ತುವುದು ಸಾಧ್ಯ ಎಂದು ಗೊತ್ತಾದಾಗ ಊದುವವರು ಎಷ್ಟು ಕೆರಳಿದರೆಂದರೆ ಜಾರ್ವಿಸ್ ಜೀವಭಯದಿಂದ ವಾರಗಟ್ಟಲೆ ಅಡಗಿರಬೇಕಾಯಿತು ಎಂಬ ಮಾತು ಇಲ್ಲಿಯ ಇತಿಹಾಸದಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರ ಭಯ ಹುಸಿಯಲ್ಲ. ಒತ್ತುವ ಕೆಲಸ ಕಲಿಯಲು ಊದುವುದಕ್ಕೆ ಬೇಕಾದಷ್ಟು ವರ್ಷ ಬೇಡ, ಹಾಗಾಗಿ ಮಾಲೀಕನೊಡನೆ ಕೂಲಿಗೆ ಚೌಕಾಸಿ ಮಾಡುವ ಬಲವೂ ಅಷ್ಟು ಇಳಿಯುತ್ತದೆ. ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆದರೆ ಊದುವ ಕಸುಬನ್ನು ಒತ್ತುಗಾಜು ಕೊಂದಿತು ಎಂಬುದನ್ನು ಇಲ್ಲಿಯ ದೀಪಗಳು ಅಲ್ಲಗಳೆಯುತ್ತವೆ. ಮೇಲೆ ಎಣ್ಣೆ ತುಂಬುವ ಬುರುಡೆ ಊದಿದ್ದು, ಕೆಳಗಿನ ಪೀಠ ಒತ್ತಿದ್ದು, ನಡುವೆ ಬಿಸಿ ಗಾಜಿನ ಒಂದು ಬಿಲ್ಲೆ ಇಟ್ಟು ಎರಡನ್ನೂ ಬೆಸೆದದ್ದು. ಬುರುಡೆ ಕೆಲವೊಮ್ಮೆ ಪೀಠದ ಮೇಲೆ ಒಂಚೂರು ವಾಲಿ ಕೂತಿರುತ್ತದೆ. ಒಂದೇ ಕೋಣೆಯಲ್ಲಿ ಎರಡೂ ಕಸುಬು ದಶಕಗಳ ಕಾಲ ಹೀಗೆ ಹೆಗಲು ಕೊಟ್ಟು ನಡೆದವು. ಕಾರ್ಖಾನೆ ಮುಚ್ಚಿದ್ದು 1888ರಲ್ಲಿ, ಕಾರಣಗಳೂ ಬೇರೆ. 1864ರಲ್ಲಿ ವೀಲಿಂಗ್ ಊರಿನ ಕಾರ್ಖಾನೆಯಲ್ಲಿ ವಿಲಿಯಂ ಲೇಟನ್ ಸುಧಾರಿಸಿದ ಸೋಡಾ-ಸುಣ್ಣದ ಗಾಜು ಸೀಸದ ಗಾಜಿಗಿಂತ ಬಹಳ ಅಗ್ಗವಾಗಿತ್ತು. ಪಶ್ಚಿಮದವರ ಬಳಿ ಕಲ್ಲಿದ್ದಲು, ಆಮೇಲೆ ನೈಸರ್ಗಿಕ ಅನಿಲ ಕೈಗೆಟುಕುವಂತಿತ್ತು. ಕೊನೆಗೆ ಕಾರ್ಮಿಕರ ಮುಷ್ಕರ ಬಂದಾಗ ಮಾಲೀಕರು ಕುಲುಮೆ ಆರಿಸಿಬಿಟ್ಟರು. ಊದಿದ್ದೂ ಒತ್ತಿದ್ದೂ ಒಟ್ಟಿಗೇ ನಿಂತವು.

ಇನ್ನು ಕಪ್ ಪ್ಲೇಟು. ಮೂರು, ಮೂರೂವರೆ ಅಂಗುಲ ಅಗಲದ ಈ ಪುಟಾಣಿ ತಟ್ಟೆಗಳನ್ನು ನೋಡಿದರೆ ನಿನಗೆ ಸಂತೋಷವಾಗುತ್ತದೆ. ಆಗಿನ ಅಮೆರಿಕನ್ನರು ಚಹವನ್ನು ಬಸಿಗೆ ಸುರಿದು ಆರಿಸಿ ಕುಡಿಯುತ್ತಿದ್ದರು, ನಮ್ಮ ಕಡೆಯ ಹಿರಿಯರ ಹಾಗೆಯೇ. ಬಸಿ ಕೈಯಲ್ಲಿರುವಾಗ ತೊಟ್ಟಿಕ್ಕುವ ಕಪ್ಪನ್ನು ಇಡಲು ಈ ತಟ್ಟೆ. ಇದರ ಮೇಲೆ ಬಂಕರ್ ಹಿಲ್ ಸ್ಮಾರಕ, ರಾಜಕಾರಣಿ ಹೆನ್ರಿ ಕ್ಲೇ, ಹಬೆಹಡಗು, 1840ರ ಚುನಾವಣೆಯ ಮರದ ದಿಮ್ಮಿಯ ಗುಡಿಸಲು ಇವೆಲ್ಲ ಮೂಡಿವೆ. ಸಂಗ್ರಹಕಾರರು ನೂರಾರು ಬಗೆಗಳನ್ನು ಪಟ್ಟಿಮಾಡಿದ್ದಾರೆ. ನಿನ್ನೆಯ ಸುದ್ದಿಯನ್ನು ಇಂದಿನ ಚಹದ ಮೇಜಿಗೆ ತರುವುದು ಒತ್ತುಗಾಜಿಗೇ ಒಗ್ಗಿದ ಕೆಲಸ: ಒಂದು ಅಚ್ಚು, ಸಾವಿರ ಮನೆ. ದೋಣಿಯಾಕಾರದ ಉಪ್ಪಿನ ಬಟ್ಟಲೂ ಹೀಗೆಯೇ. ಬದಿಯ ಚಕ್ರದ ಮೇಲೆ ಫ್ರೆಂಚ್ ಸೇನಾನಿ ಲಾಫಯೆಟ್‌ನ ಹೆಸರು, ಹಿಂಭಾಗದಲ್ಲಿ ಕಂಪನಿಯ ಹೆಸರಿನ ಮೊದಲಕ್ಷರಗಳು. 1824-25ರಲ್ಲಿ ಆತ ಅಮೆರಿಕದ ಊರೂರು ಸುತ್ತಿದ ಸಂಭ್ರಮದ ನೆನಪು ಅದು. ಚಕ್ರದಲ್ಲಿ ಜಾಗ ಸಾಲದ್ದಕ್ಕೋ ಏನೋ, ಹೆಸರಿನ ಬಾಲದ ಎರಡು ಅಕ್ಷರ ಮಾಯ. ಅಚ್ಚಿನಲ್ಲಿ ಒಮ್ಮೆ ಕೊರೆದ ಕಾಗುಣಿತವನ್ನು ತಿದ್ದುವವರಾರು?

ಹೀಗೆ ತಯಾರಕರ ಗುರುತು ಹೊತ್ತ ಪಾತ್ರೆಗಳು ಬಲು ಅಪರೂಪ, ಇಡೀ ವಾದದಲ್ಲಿ ನೀನು ನನ್ನನ್ನು ಹಿಡಿಯಬಹುದಾದ ಜಾಗವೂ ಇದೇ. ಚುಕ್ಕಿಗಾಜು ಕಂಡಲ್ಲೆಲ್ಲ ಸ್ಯಾಂಡ್‌ವಿಚ್ ಎನ್ನುವ ಚಾಳಿ ವ್ಯಾಪಾರಿಗಳಿಗೆ ಇತ್ತು. ನಾನು ಹೊಗಳುತ್ತಿರುವ ಚೆಲುವು ಈ ಊರಿನದೇ ಎಂಬುದಕ್ಕೆ ಪುರಾವೆ ಏನು? ಕಾರ್ಖಾನೆಯ ಜಾಗ ಅಗೆದಾಗ ಸಿಕ್ಕ ಚೂರುಗಳನ್ನು ತೋರಿಸುತ್ತಾರೆ. ಆದರೆ ಗಾಜು ಬೇಗ ಕರಗಲೆಂದು ಕುಲುಮೆಗೆ ಒಡೆದ ಗಾಜನ್ನೂ ಸೇರಿಸುತ್ತಾರೆ, ಅದನ್ನು ಹೊರಗಿನಿಂದಲೂ ಕೊಳ್ಳುತ್ತಾರೆ. ಆದ್ದರಿಂದ ಒಂದು ಚೂರು ಸಿಕ್ಕರೆ ಅದು ಇಲ್ಲಿಯದೇ ಎನ್ನಲಾಗದು. ಒಂದೇ ವಿನ್ಯಾಸದ ರಾಶಿ ಚೂರು, ಅದರಲ್ಲೂ ಒತ್ತುವಾಗಲೇ ಕೆಟ್ಟು ಎಸೆದವು ಸಿಕ್ಕರೆ ಮಾತ್ರ ಸಾಕ್ಷ್ಯ ಗಟ್ಟಿ. ಪಿಟ್ಸ್‌ಬರ್ಗಿನ ಕಡೆಯವರೂ ಚುಕ್ಕಿಗಾಜು ಒತ್ತಿದ್ದಾರೆ, ಫ್ರಾನ್ಸಿನ ಬಕಾರಾದಲ್ಲೂ ಒತ್ತಿದ್ದಾರೆ. ಹಾಗಾಗಿ ಊರಿನ ಹೆಮ್ಮೆಯನ್ನು ನಾನು ಸ್ವಲ್ಪ ಕಡಿತ ಮಾಡಿಯೇ ತೆಗೆದುಕೊಂಡಿದ್ದೇನೆ. ಆದರೆ ಅದರಿಂದ ನನ್ನ ವಾದಕ್ಕೆ ಏಟು ಬೀಳುವ ಬದಲು ಬಲವೇ ಬಂತು: ಬೇರೆ ಬೇರೆ ಕಡೆಯವರು ಅದೇ ಸುಕ್ಕಿಗೆ ಅದೇ ಚುಕ್ಕಿಯ ಮದ್ದು ಹಾಕಿದ್ದಾರೆ ಎಂದರೆ, ಅದು ಒಬ್ಬ ಕುಶಲಿಯ ಖಯಾಲಿಗಿಂತ ಹೆಚ್ಚಾಗಿ ಆ ತಂತ್ರದ್ದೇ ಸ್ವಭಾವವಿರಬೇಕು.

ಕೂಲಿಯ ವಿಚಾರದಲ್ಲಿ ನಿನ್ನದೇ ಮೇಲುಗೈ ಎಂದು ಬರೆದಾಗಿದೆ. ಉಳಿದದ್ದಕ್ಕೆ ನಿನ್ನ ಪಾಟೀಸವಾಲು ಬರಲಿ. ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಗಾಜಿನ ಮ್ಯೂಸಿಯಂ ನೋಡಿಕೊಂಡು ಬರೆಯುತ್ತೇನೆ. ಅಲ್ಲಿ ರೋಮನ್ನರ ಕಾಲದಿಂದಲೂ ಊದಿದ ಗಾಜಿದೆ, ನಿನ್ನ ಕಡೆಯ ಸಾಕ್ಷಿಗಳಿಗೆ ಬರವಿಲ್ಲ.

ನಿನ್ನ,
ಶ್ರೀನಿವಾಸ